ಕಮೀನೋ ದಾರಿಯಲ್ಲಿ ಇಬ್ಬರ ದಿನಚರಿ

ಫ್ರಾನ್ಸಿನ ದಕ್ಷಿಣ ಅಂಚಿನಲ್ಲಿ, ಪಿರಿನೀಸ್ ಬೆಟ್ಟಗಳ ಬುಡದಲ್ಲಿರುವ ಸಾಂ ಜಾಂ ಪ್ಯೆ ದ ಪೋರ್ ಎಂಬ ಪುಟ್ಟ ಊರಿನಿಂದ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾವರೆಗೆ ಸುಮಾರು 780 ಕಿಲೋಮೀಟರ್. ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಸಾಂತಿಯಾಗೊದ ಮಹಾದೇವಾಲಯದಲ್ಲಿದೆ ಎಂಬ ನಂಬಿಕೆಯಿಂದ ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಜನ ಅಲ್ಲಿಗೆ ನಡೆದು ಹೋಗುತ್ತಿದ್ದಾರೆ. ಅಲ್ಲಿಗೆ ಹೋಗುವ ಹಲವು ದಾರಿಗಳಲ್ಲಿ ಅತಿ ಹೆಚ್ಚು ಹೆಸರಾದದ್ದು ಕಮೀನೋ ಫ್ರಾನ್ಸೆಸ್ ಎಂಬ ಈ ದಾರಿ. ಹೆಚ್ಚಿನವರು 30ರಿಂದ 35 ದಿನಗಳಲ್ಲಿ ಮುಗಿಸುತ್ತಾರೆ.

ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ, ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಏರು ಎಂಬ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಇಬ್ಬರು ಸ್ನೇಹಿತರು ಒಂದು ತಿಂಗಳು ಜೊತೆಯಾಗಿ ನಡೆಯುವುದು ಹೇಗೆ ಎಂಬ ಬಗ್ಗೆ ಮಾತಾಡುವವರು ಕಡಿಮೆ. ಹೊರಡುವ ಮೊದಲು ಎಲ್ಲರೂ ಶೂ, ಬೆನ್ನುಚೀಲ, ಮಳೆ ಅಂಗಿಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ದಾರಿಯಲ್ಲಿ ಮುಖ ಊದಿಸಿಕೊಳ್ಳುವಂತೆ ಮಾಡುವುದು ನಡಿಗೆಯ ವೇಗ, ಏಳುವ ಹೊತ್ತು, ಎರಡಂತಸ್ತಿನ ಮಂಚದಲ್ಲಿ ಕೆಳಗಿನದು ಯಾರಿಗೆ ಎನ್ನುವ ಪ್ರಶ್ನೆ, ಇಂಥ ಸಣ್ಣ ಸಂಗತಿಗಳು. ಇವು ದಿನವೂ ಬರುವುದರಿಂದಲೇ ದೊಡ್ಡವಾಗುತ್ತವೆ. ಮೊದಲೇ ಕೂತು ಮಾತಾಡಿಕೊಂಡರೆ ಇವುಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಬಗೆಹರಿಯುತ್ತವೆ.

ವೇಗದಿಂದಲೇ ಶುರು ಮಾಡೋಣ. ಒಬ್ಬರು ಗಂಟೆಗೆ 5 ಕಿ.ಮೀ. ನಡೆಯುತ್ತಾರೆ, ಇನ್ನೊಬ್ಬರು 4 ಕಿ.ಮೀ. ಸಂಜೆಯ ವಾಕಿಂಗಿನಲ್ಲಿ ಇದು ಗೊತ್ತೇ ಆಗುವುದಿಲ್ಲ. 24 ಕಿ.ಮೀ. ದಿನದಲ್ಲಿ ಮೊದಲಿನವರಿಗೆ 4 ಗಂಟೆ 48 ನಿಮಿಷ ಸಾಕು, ಎರಡನೆಯವರಿಗೆ ಪೂರ್ತಿ 6 ಗಂಟೆ ಬೇಕು. ಜೊತೆಯಲ್ಲೇ ಇರಬೇಕೆಂಬ ಹಟಕ್ಕೆ ನಿಧಾನದವರು ಹೆಜ್ಜೆ ಉದ್ದ ಮಾಡುತ್ತಾರೆ. ಆಗ ಹಿಮ್ಮಡಿ ಜೋರಾಗಿ ನೆಲಕ್ಕೆ ಬಡಿಯುತ್ತದೆ, ಪ್ರತಿ ಹೆಜ್ಜೆಯಲ್ಲೂ ಪಾದವನ್ನು ಮೆಲ್ಲಗೆ ಇಳಿಸುವ ಕೆಲಸ ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯುವಿನ ಮೇಲೆ ಬೀಳುತ್ತದೆ. ಮೊದಲ ವಾರದಲ್ಲೇ ಪಾದದ ಕೀಲಿನ ಮುಂದೆ, ಶೂ ಲೇಸು ಕಟ್ಟುವ ಜಾಗದ ಸ್ವಲ್ಪ ಮೇಲೆ, ನೋವು ಶುರುವಾಗುತ್ತದೆ. ಬೆರಳಿಟ್ಟು ಪಾದವನ್ನು ಮೇಲೆ ಕೆಳಗೆ ಆಡಿಸಿದರೆ ಒಳಗೆ ಕಿರುಗುಟ್ಟಿದ ಹಾಗೆ ಆಗುವುದೂ ಉಂಟು. ಅದು ಸ್ನಾಯುರಜ್ಜುವಿನ ಊತ. ಐಸ್ ಇಟ್ಟು, ಲೇಸು ಸಡಿಲ ಮಾಡಿ, ಎರಡು ಮೂರು ದಿನ ಕೂರುವುದು ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ನೋವಿನ ಮಾತ್ರೆ ನುಂಗಿ ನಡೆದವರು ಎಷ್ಟೋ ಸಲ ಮುಂದಿನ ದೊಡ್ಡ ಊರಿನಿಂದ ಮನೆಗೆ ವಾಪಸ್ ಹೋಗಿದ್ದಾರೆ.

ವೇಗದವರಿಗೂ ನಿಧಾನಕ್ಕೆ ನಡೆಯುವುದು ಸುಲಭವಲ್ಲ. ಅವರ ಕಾಲಿಗೆ ಏನೂ ಆಗದಿರಬಹುದು, ಚೀಲ ಬೆನ್ನ ಮೇಲಿರುವ ಹೊತ್ತು ಮಾತ್ರ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗುತ್ತದೆ. ಹೆಗಲು, ಸೊಂಟ ಹಿಡಿದುಕೊಳ್ಳುತ್ತವೆ. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವ ಅಭ್ಯಾಸ ಅಂಟಿಕೊಳ್ಳುತ್ತದೆ. ಆ ನೋಟ ಹಿಂದೆ ಬರುತ್ತಿರುವವರಿಗೆ ತಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ವಿಶ್ರಾಂತಿಯ ಲೆಕ್ಕ. ಮುಂದೆ ಹೋದವರು ಒಂದು ಕಲ್ಲುಬೆಂಚಿನ ಮೇಲೆ ಕೂತು, ಶೂ ಬಿಚ್ಚಿ, ಬಾಳೆಹಣ್ಣು ತಿಂದು, ಇಪ್ಪತ್ತು ನಿಮಿಷ ಕಾಯುತ್ತಾರೆ. ಬೆವರು ಆರಿ ಮೈ ತಣ್ಣಗಾಗುವ ಹೊತ್ತಿಗೆ ಹಿಂದಿನವರು ಬರುತ್ತಾರೆ. ಆ ಕ್ಷಣಕ್ಕೆ ಕೂತವರು ಎದ್ದು ಚೀಲ ಹೆಗಲಿಗೇರಿಸುತ್ತಾರೆ. ವಿಶ್ರಾಂತಿ ಹೆಚ್ಚು ಬೇಕಾಗಿದ್ದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಹೀಗಾದರೆ ಮಧ್ಯಾಹ್ನದ ಹೊತ್ತಿಗೆ ಮಾತು ನಿಂತಿರುತ್ತದೆ, ಇಬ್ಬರಿಗೂ ಯಾಕೆಂದು ಹೊಳೆದಿರುವುದಿಲ್ಲ. ಒಂದೇ ಒಂದು ನಿಯಮ ಸಾಕು: ಹಿಂದಿನವರು ಬಂದು ಕೂತ ಮೇಲೆ ವಿಶ್ರಾಂತಿಯ ಸಮಯ ಶುರು, ಅಲ್ಲಿಂದ ಹದಿನೈದು ನಿಮಿಷ. ಅದಕ್ಕೆ ಮುಂಚೆ ಕೂತದ್ದು ಲೆಕ್ಕಕ್ಕಿಲ್ಲ. ಕಾಯಲು ಮನಸ್ಸಿಲ್ಲದಿದ್ದರೆ "ಹೋಗ್ತಿರ್ತೀನಿ, ನೀನು ಬಾ" ಎಂದು ಹೇಳಿ ಹೊರಟುಬಿಡಬೇಕು. ಅರೆಮನಸ್ಸಿನಲ್ಲಿ ಕಾಯುವುದು ಯಾರಿಗೂ ಒಳ್ಳೆಯದಲ್ಲ.

ಬೇರೆ ಬೇರೆ ನಡೆದು ಊರಿನಲ್ಲಿ ಸೇರುವುದೇ ಒಳ್ಳೆಯ ಕ್ರಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ದಾರಿಯಲ್ಲಿ ಅದು ಕಷ್ಟವೂ ಅಲ್ಲ. ಮರದ ಕಾಂಡ, ಗೋಡೆ, ರಸ್ತೆಯ ಅಂಚುಗಲ್ಲುಗಳ ಮೇಲೆ ಉದ್ದಕ್ಕೂ ಹಳದಿ ಬಾಣದ ಗುರುತುಗಳಿವೆ. ಓ ಸೆಬ್ರೆಯ್ರೊ ಬೆಟ್ಟದೂರಿನ ಪಾದ್ರಿ ಎಲಿಯಾಸ್ ವಾಲಿನ್ಯಾ 1980ರ ದಶಕದಲ್ಲಿ ಈ ಗುರುತುಗಳನ್ನು ಬಳಿಯಲು ಶುರು ಮಾಡಿದರು. ದಾರಿಯ ಹುಡುಕಾಟ ಇಲ್ಲದಿರುವುದರಿಂದ ಇಬ್ಬರಲ್ಲಿ ಯಾರೂ ಯಾರಿಗೂ ಮಾರ್ಗದರ್ಶಿಯಾಗಬೇಕಿಲ್ಲ. ಹೆಚ್ಚಿನ ಕಡೆ 5ರಿಂದ 8 ಕಿ.ಮೀ.ಗೆ ಒಂದು ಊರು ಸಿಗುತ್ತದೆ, ಊರಿನಲ್ಲಿ ಒಂದು ಬಾರ್. ಸ್ಪೇನಿನಲ್ಲಿ ಬಾರ್ ಅಂದರೆ ಬೆಳಗಿನ ಕಾಫಿ, ಬ್ರೆಡ್ಡು, ಶೌಚಾಲಯ ಎಲ್ಲವೂ ಇರುವ ಜಾಗ. "ಊರು ಹೊಕ್ಕ ಕೂಡಲೇ ಸಿಗುವ ಮೊದಲ ಬಾರಿನಲ್ಲಿ" ಎಂದು ನಿಖರವಾಗಿ ಹೇಳಿಕೊಳ್ಳಬೇಕು. "ಊರಿನಲ್ಲಿ ಸಿಗೋಣ" ಅಂದರೆ ಒಬ್ಬರು ಚರ್ಚಿನ ಮುಂದೆ, ಇನ್ನೊಬ್ಬರು ಊರಾಚೆಯ ಸೇತುವೆಯ ಮೇಲೆ ಕಾಯುತ್ತಾ ಕೂತಿರುತ್ತಾರೆ. ಸಾಂತಿಯಾಗೊ ಇರುವ ಗಲೀಸಿಯಾ ಪ್ರಾಂತ್ಯಕ್ಕೆ ಬಂದ ಮೇಲೆ ಇದು ಇನ್ನೂ ಸುಲಭ. ಅಲ್ಲಿನ ದಾರಿಗಲ್ಲುಗಳ ಮೇಲೆ ಸಾಂತಿಯಾಗೊಗೆ ಎಷ್ಟು ದೂರ ಉಳಿದಿದೆ ಎಂದು ಕೆತ್ತಿರುತ್ತಾರೆ. ಆ ಅಂಕಿಯನ್ನು ಮೆಸೇಜ್ ಮಾಡಿದರೆ ಸಾಕು, ಯಾರು ಎಲ್ಲಿದ್ದಾರೆಂದು ಗೊತ್ತಾಗುತ್ತದೆ.

ಎಚ್ಚರ ಬೇಕಾದದ್ದು ದಾರಿ ಕವಲೊಡೆಯುವ ಕಡೆ. ಸಾಗೂನ್ ದಾಟಿದ ಮೇಲೆ ಕಾಲ್ಸಾದಾ ದೆಲ್ ಕೋತೊ ಹತ್ತಿರ ಒಂದು ಕವಲು ಹಳೆಯ ರೋಮನ್ ರಸ್ತೆಯ ಕಡೆಗೆ ಹೋಗುತ್ತದೆ. ಎರಡೂ ಸೇರುವುದು ಮಾನ್ಸೀಯಾ ದೆ ಲಾಸ್ ಮೂಲಾಸ್‌ನಲ್ಲಿ, ಅಂದರೆ ಮಾರನೇ ದಿನ. ಲಿಯೋನ್ ನಗರ ಬಿಟ್ಟ ಮೇಲೆ ಲಾ ವೀರ್ಹೆನ್ ದೆಲ್ ಕಮೀನೋದಲ್ಲಿ ಇನ್ನೊಂದು ಕವಲು: ಹೆದ್ದಾರಿಯ ಪಕ್ಕದ್ದೊಂದು, ಹೊಲಗಳ ನಡುವಿನದ್ದೊಂದು. ಅವು ಓಸ್ಪಿತಾಲ್ ದೆ ಓರ್ಬಿಗೊದಲ್ಲಿ ಕೂಡುತ್ತವೆ. ತ್ರಿಯಾಕಾಸ್ತೆಲಾದಿಂದ ಸಾರಿಯಾಗೆ ಸಾನ್ ಶಿಲ್ ಮೇಲಾಗಿಯೂ ಹೋಗಬಹುದು, ಸಾಮೋಸ್ ಮಠದ ಮೇಲಾಗಿಯೂ ಹೋಗಬಹುದು. ಸಾಮೋಸ್ ದಾರಿ ಆರೇಳು ಕಿ.ಮೀ. ಹೆಚ್ಚು. ಇಬ್ಬರ ಫೋನಿನಲ್ಲೂ ಚಾರ್ಜ್ ಇರುತ್ತದೆಂದು ನಂಬಿಕೊಂಡು ಕೂರದೆ, ಇಂಥ ಕವಲುಗಳಲ್ಲಿ ಎಡವೋ ಬಲವೋ ಎಂದು ಹಿಂದಿನ ರಾತ್ರಿಯೇ ತೀರ್ಮಾನಿಸಬೇಕು.

ಇಳಿಜಾರಿನಲ್ಲಿ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಏರಿನಲ್ಲಿ ಮುಂದಿದ್ದವರು ಇಳಿಯುವಾಗ ಹಿಂದೆ ಬೀಳಬಹುದು, ಮೊಣಕಾಲು ಸ್ವಲ್ಪ ಹಳೆಯದಾಗಿದ್ದರಂತೂ ಖಂಡಿತ. ಮೊದಲ ದಿನವೇ ಇದರ ಪರೀಕ್ಷೆ ಆಗುತ್ತದೆ. ಸಾಂ ಜಾಂ ಊರಿನಿಂದ ಲೆಪೋಡೆರ್ ಕಣಿವೆದಾರಿಯವರೆಗೆ ಸುಮಾರು 1,250 ಮೀಟರ್ ಏರಿ, ಆಮೇಲೆ ರೋನ್ಸೆಸ್ವಾಯೆಸ್ ಮಠಕ್ಕೆ ಇಳಿಯಬೇಕು. ಒಟ್ಟು ಸುಮಾರು 25 ಕಿ.ಮೀ. ಮೇಲಿನಿಂದ ಇಳಿಯಲು ಎರಡು ದಾರಿಗಳಿವೆ. ಬೀಚ್ ಮರಗಳ ಕಾಡಿನೊಳಗಿನದ್ದು ಚಿಕ್ಕದು, ಕಡಿದಾದದ್ದು, ಮಳೆ ಬಿದ್ದರೆ ಎಲೆ ಮೇಲೆ ಕಾಲು ಜಾರುತ್ತದೆ. ಇಬಾನ್ಯೆತಾ ಕಡೆಯಿಂದ ಸುತ್ತಿ ಬರುವುದು ಮೆತ್ತಗಿದೆ. ದಣಿದ ಕಾಲಿಗೆ ಸುತ್ತಿನ ದಾರಿಯೇ ಸರಿ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಈ ಬೆಟ್ಟದ ಮಾರ್ಗವನ್ನು ಮುಚ್ಚಿರುತ್ತಾರೆ. ಆಗ ಕೆಳಗಿನ ವಾಲ್ಕಾರ್ಲೋಸ್ ಕಣಿವೆಯ ದಾರಿ ಹಿಡಿಯಬೇಕು. ಒಂದೇ ದಿನದಲ್ಲಿ ಅಷ್ಟು ಏರಲು ಇಬ್ಬರಲ್ಲಿ ಒಬ್ಬರಿಗೆ ಅಳುಕಿದ್ದರೂ ಸುಮಾರು 8 ಕಿ.ಮೀ. ದೂರದ ಓರಿಸೋನ್‌ನಲ್ಲಿ ಮೊದಲ ರಾತ್ರಿ ತಂಗುವುದು ಜಾಣತನ. ಅಲ್ಲಿ ಹಾಸಿಗೆಗಳು ಕಡಿಮೆ, ಮೊದಲೇ ಕಾಯ್ದಿರಿಸಬೇಕು.

ಇನ್ನು ಪಾದ. ತಮ್ಮ ಹಿಮ್ಮಡಿಯ ಹಿಂಭಾಗವನ್ನು ತಾವೇ ಸರಿಯಾಗಿ ನೋಡಿಕೊಳ್ಳುವುದು ಕಷ್ಟ, ಜೊತೆಯಲ್ಲಿರುವವರಿಗೆ ಅದು ಸಲೀಸು. ಹಾಗಾಗಿ ಮೊದಲ ಹತ್ತು ದಿನ ಎರಡು ನಿಲುಗಡೆಗೊಮ್ಮೆ ಇಬ್ಬರೂ ಕಾಲುಚೀಲ ಬಿಚ್ಚಿ, ಪಾದಕ್ಕೆ ಗಾಳಿಯಾಡಿಸಿ, ಒಬ್ಬರ ಹಿಮ್ಮಡಿ ಇನ್ನೊಬ್ಬರು ನೋಡುವುದು ಒಳ್ಳೆಯದು. ಬೊಬ್ಬೆ ಏಳುವುದು ಬಿಸಿ, ತೇವ, ತಿಕ್ಕಾಟ ಈ ಮೂರೂ ಸೇರಿದಾಗ. ಚರ್ಮ ಮೊದಲು ನಾಣ್ಯದಷ್ಟು ಅಗಲ ಕೆಂಪಾಗುತ್ತದೆ, ಮುಟ್ಟಿದರೆ ಸುತ್ತಲಿನ ಜಾಗಕ್ಕಿಂತ ಬೆಚ್ಚಗಿರುತ್ತದೆ. ಆ ಹಂತದಲ್ಲಿ ಒರೆಸಿ ಒಣಗಿಸಿ, ಪೇಪರ್ ಟೇಪನ್ನು ಸುಕ್ಕಿಲ್ಲದ ಹಾಗೆ, ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಿದರೆ ಮುಗಿಯಿತು. ಚೂಪು ಮೂಲೆ ಬಿಟ್ಟರೆ ಅದು ಕಾಲುಚೀಲಕ್ಕೆ ಸಿಕ್ಕಿ ಸುರುಳಿಯಾಗಿ, ಆ ಸುರುಳಿಯೇ ಹೊಸ ಬೊಬ್ಬೆ ಮಾಡುತ್ತದೆ. ಜೊತೆಯಲ್ಲಿ ನಡೆಯುವವರಿಗೆ ಇಲ್ಲೊಂದು ವಿಶೇಷ ಅಪಾಯ ಇದೆ. ನನ್ನಿಂದ ಇನ್ನೊಬ್ಬರಿಗೆ ಯಾಕೆ ತಡ ಎಂಬ ಸಂಕೋಚಕ್ಕೆ ಜನ ಉರಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಮುಂದಿನ ಊರಲ್ಲಿ ನೋಡ್ಕೊಳ್ತೀನಿ" ಅನ್ನುತ್ತಾರೆ. ಮುಂದಿನ ಊರಿಗೆ 6 ಕಿ.ಮೀ., ಅಷ್ಟರಲ್ಲಿ ನೀರು ತುಂಬಿಕೊಂಡಿರುತ್ತದೆ. ಯಾರು ನಿಲ್ಲು ಅಂದರೂ ಆ ಕ್ಷಣ ಇಬ್ಬರೂ ನಿಲ್ಲಬೇಕು, ಕಾರಣ ಕೇಳಬಾರದು.

ಬೊಬ್ಬೆ ಎದ್ದೇಬಿಟ್ಟರೆ, ಚಿಕ್ಕದಾಗಿ ನೋವಿಲ್ಲದಿದ್ದರೆ ಮುಚ್ಚಿ ಬಿಡಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಸಂಜೆ ಸ್ನಾನವಾದ ಮೇಲೆ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಮೆಲ್ಲಗೆ ಒತ್ತಿ ನೀರು ತೆಗೆದು, ಮೇಲಿನ ಚರ್ಮವನ್ನು ಕೀಳದೆ ಹಾಗೇ ಬಿಟ್ಟು, ಅಯೋಡಿನ್ ಹಚ್ಚಿ ಒಣ ಪಟ್ಟಿ ಕಟ್ಟಬೇಕು. ಬೊಬ್ಬೆಯೊಳಗೆ ದಾರ ಪೋಣಿಸಿ ಬಿಡುವ ಪದ್ಧತಿಯನ್ನು ದಾರಿಯಲ್ಲಿ ಯಾರಾದರೂ ಹೇಳಿಕೊಟ್ಟೇ ಕೊಡುತ್ತಾರೆ. ಬೇಡ. ದಾರದ ಜೊತೆ ಕೊಳೆಯೂ ಒಳಗೆ ಹೋಗಿ ಕೀವಾಗುತ್ತದೆ. ಜೆಲ್ ಪಟ್ಟಿಗಳು ಒಳ್ಳೆಯವೇ, ಆದರೆ ಅಂಟಿಸಿದ ಮೇಲೆ ತಾನಾಗಿ ಬಿಡುವವರೆಗೆ ಕೀಳಬಾರದು, ಕಿತ್ತರೆ ಚರ್ಮವೂ ಬರುತ್ತದೆ. ಶೂ ವಿಷಯ ಎರಡೇ ಮಾತು: ಮಾಮೂಲಿಗಿಂತ ಒಂದು ಸೈಜು ದೊಡ್ಡದು ಬೇಕು, ಏಕೆಂದರೆ ದಿನಗಟ್ಟಲೆ ನಡೆದ ಪಾದ ಊದಿ ಅಗಲವಾಗುತ್ತದೆ. ಉಗುರು ಮೊಟಕಾಗಿರಬೇಕು, ಇಲ್ಲವಾದರೆ ಇಳಿಯುವಾಗ ಶೂ ತುದಿಗೆ ಬಡಿದು ಕಪ್ಪಾಗುತ್ತದೆ.

ಚೀಲದ ತೂಕ ಮೈತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದೆಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಇಬ್ಬರಿದ್ದಾಗ ಅದಕ್ಕೆ ಬರುವುದು ಸುಲಭ. ಟೂತ್‌ಪೇಸ್ಟು, ಸನ್‌ಸ್ಕ್ರೀನು, ಬಟ್ಟೆ ಸೋಪು, ಉಗುರು ಕತ್ತರಿ, ಎರಡು ತೂತಿನ ಚಾರ್ಜರು ಒಂದೊಂದೇ ಸಾಕು. ಹಂಚಿಕೊಳ್ಳಲೇಬಾರದ ಕೆಲವು ವಸ್ತುಗಳೂ ಇವೆ. ನೀರಿನ ಬಾಟಲಿ, ಪಾಸ್‌ಪೋರ್ಟು, ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಳ್ಳುವ ಯಾತ್ರಿಕರ ಕ್ರೆಡೆನ್ಸಿಯಾಲ್ ಪುಸ್ತಿಕೆ, ಸ್ವಲ್ಪ ನಗದು, ತಮ್ಮ ತಮ್ಮ ಮಾತ್ರೆಗಳು, ಒಂದಿಷ್ಟು ಪಟ್ಟಿ ಟೇಪು ಇಬ್ಬರ ಬಳಿಯೂ ಪ್ರತ್ಯೇಕವಾಗಿರಬೇಕು. ಎಲ್ಲ ದುಡ್ಡು ಒಬ್ಬರ ಹತ್ತಿರ, ಎಲ್ಲ ಔಷಧಿ ಇನ್ನೊಬ್ಬರ ಹತ್ತಿರ ಇಟ್ಟುಕೊಂಡ ಜೋಡಿ ದಿನವಿಡೀ ಹಗ್ಗ ಕಟ್ಟಿಕೊಂಡಂತೆ ನಡೆಯಬೇಕಾಗುತ್ತದೆ. ಊರುಗೋಲೂ ಅಷ್ಟೇ: ಒಂದು ಜೋಡಿಯನ್ನು ಇಬ್ಬರು ಹಂಚಿಕೊಂಡರೆ ಇಳಿಜಾರಿನಲ್ಲಿ ಇಬ್ಬರಿಗೂ ಪೂರ್ತಿ ಉಪಯೋಗವಿಲ್ಲ.

ತಂಗುವುದು ಆಲ್ಬೆರ್ಗೆ ಎಂಬ ಯಾತ್ರಿಕರ ವಸತಿಗೃಹಗಳಲ್ಲಿ. ಪುರಸಭೆಯವು, ಚರ್ಚಿನವು, ಖಾಸಗಿಯವು ಎಲ್ಲವೂ ಇವೆ. ಸಾಮಾನ್ಯವಾಗಿ ರಾತ್ರಿ 10ಕ್ಕೆ ದೀಪ ಆರಿಸುತ್ತಾರೆ, ಬೆಳಿಗ್ಗೆ 8ರೊಳಗೆ ಖಾಲಿ ಮಾಡಬೇಕು, ಒಂದೇ ರಾತ್ರಿ ಉಳಿಯಲು ಬಿಡುತ್ತಾರೆ. ಶೂಗಳು ಬಾಗಿಲ ಬಳಿಯ ಗೂಡಿನಲ್ಲಿ, ಕೋಲುಗಳು ಡಬ್ಬದಲ್ಲಿ. ಚೀಲವನ್ನು ಮಂಚದ ಮೇಲೆ ಇಡಬಾರದು. ತಿಗಣೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು ಚೀಲದೊಳಗೇ. ಮಲಗುವ ಮುನ್ನ ಇಬ್ಬರೂ ಸೇರಿ ಹಾಸಿಗೆಯ ಅಂಚಿನ ಹೊಲಿಗೆಯನ್ನು ಟಾರ್ಚ್ ಬಿಟ್ಟು ನೋಡಿ. ಕಪ್ಪು ಚುಕ್ಕೆಗಳ ಸಾಲು ಕಂಡರೆ ನೋಡಿಕೊಳ್ಳುವವರಿಗೆ ತಕ್ಷಣ ಹೇಳಿ. ಒಬ್ಬರಿಗೆ ಹತ್ತಿದರೆ ಇಬ್ಬರ ಬಟ್ಟೆಯನ್ನೂ ಬಿಸಿ ಡ್ರೈಯರಿಗೆ ಹಾಕಬೇಕಾಗುತ್ತದೆ, ಒಬ್ಬರದ್ದು ಮಾತ್ರ ಹಾಕಿದರೆ ಪ್ರಯೋಜನವಿಲ್ಲ.

ಕೆಳಗಿನ ಮಂಚ ಮೊಣಕಾಲು ನೋವಿದ್ದವರಿಗೆ, ರಾತ್ರಿ ಏಳುವವರಿಗೆ. ಇಬ್ಬರಿಗೂ ಏನೂ ಇಲ್ಲದಿದ್ದರೆ ದಿನ ಬಿಟ್ಟು ದಿನ. ಬಾಯಿಮಾತಿನಲ್ಲಿ ಬೇಡ ಬೇಡ ಎನ್ನುವ ಉಪಚಾರ ಎರಡು ದಿನಕ್ಕೆ ಚೆಂದ. ಸರದಿ ಇದ್ದರೆ ತಿಂಗಳಿಡೀ ಚೆಂದ. ಗೊರಕೆಗೆ ಇಯರ್ ಪ್ಲಗ್ ಬಿಟ್ಟರೆ ಬೇರೆ ಔಷಧಿ ಇಲ್ಲ. ವಾರಕ್ಕೊಮ್ಮೆ ಬರ್ಗೋಸ್, ಲಿಯೋನ್‌ನಂಥ ನಗರ ಬಂದಾಗ ಪ್ರತ್ಯೇಕವಾದ ಸಾದಾ ಕೋಣೆಯೊಂದನ್ನು ಹಿಡಿದು ಚೆನ್ನಾಗಿ ನಿದ್ದೆ ಮಾಡುವುದು ಹಣ ದಂಡವಲ್ಲ.

ಬೆಳಗಿನ ಹೊತ್ತಿನಲ್ಲಿ ಇಬ್ಬರಿಗೂ ಒಂದೇ ಗಡಿಯಾರ ಹೊಂದದಿರುವುದು ಸಹಜ. ಐದೂವರೆಗೆ ಏಳುವವರು ಏಳಲಿ, ಏಳೂವರೆಯವರು ಮಲಗಿರಲಿ, ಮೊದಲ ಬಾರಿನಲ್ಲಿ ಸೇರಿಕೊಳ್ಳಬಹುದು. ಬೇಗ ಏಳುವವರು ಚೀಲವನ್ನು ರಾತ್ರಿಯೇ ಕಟ್ಟಿಟ್ಟು, ಉಳಿದದ್ದನ್ನು ಒಟ್ಟಿಗೆ ಎತ್ತಿಕೊಂಡು ಹೊರಗಿನ ಪಡಸಾಲೆಯಲ್ಲಿ ತುಂಬಿಕೊಳ್ಳಬೇಕು. ಕತ್ತಲಲ್ಲಿ ಪ್ಲಾಸ್ಟಿಕ್ ಕವರಿನ ಸರಪರ ಸದ್ದಿಗೆ ಇಡೀ ಕೋಣೆ ಎದ್ದು ಕೂರುತ್ತದೆ. ಸ್ಪೇನಿನ ಗಡಿಯಾರ ಮಧ್ಯ ಯುರೋಪಿನದ್ದು, ದೇಶ ಇರುವುದು ಪಶ್ಚಿಮದ ಅಂಚಿನಲ್ಲಿ. ಹಾಗಾಗಿ ಅಕ್ಟೋಬರ್ ನಡುವಿನಲ್ಲಿ ಗಲೀಸಿಯಾದಲ್ಲಿ ಸೂರ್ಯ ಹುಟ್ಟುವಾಗ ಎಂಟೂವರೆ ಆಗಿರುತ್ತದೆ. ಆ ತಿಂಗಳಲ್ಲಿ ಆರು ಗಂಟೆಗೆ ಹೊರಟರೆ ಸುಮಾರು ಎರಡು ಗಂಟೆ ಟಾರ್ಚ್ ಬೆಳಕಿನಲ್ಲೇ ನಡೆಯಬೇಕು, ಹಳದಿ ಬಾಣಗಳು ಕಣ್ಣು ತಪ್ಪುವುದೂ ಆಗಲೇ. ಒಂಟಿಯಾಗಿ ನಡೆಯದೆ ಜೊತೆಯಾಗಿ ನಡೆಯಬೇಕಾದ ಹೊತ್ತು ಯಾವುದಾದರೂ ಇದ್ದರೆ ಅದು ಈ ಕತ್ತಲೆಯ ಹೊತ್ತು. ಇಡೀ ದಾರಿ ಪಶ್ಚಿಮಕ್ಕೆ ಹೋಗುವುದರಿಂದ ಬಿಸಿಲು ಹೆಚ್ಚಾಗಿ ಎಡಗಡೆಯಿಂದ ಬೀಳುತ್ತದೆ. ಎಡ ಕಿವಿ, ಎಡ ಮೀನಖಂಡ, ಎಡ ಮೊಣಕೈಗೆ ಸನ್‌ಸ್ಕ್ರೀನ್ ಎರಡು ಸಲ ಹಚ್ಚಿ.

ಮಧ್ಯಾಹ್ನ ಒಂದು, ಎರಡು ಗಂಟೆಗೆ ತಂಗುವ ಊರು ತಲುಪಿದರೆ ಉಳಿದದ್ದೆಲ್ಲ ಸರಾಗ. ಪುಸ್ತಿಕೆಗೆ ಮುದ್ರೆ, ಮಂಚ, ಸ್ನಾನ, ಬಟ್ಟೆ ಒಗೆತ, ಇದೇ ಕ್ರಮ. ತಡವಾದಷ್ಟೂ ಬಿಸಿನೀರು ಮುಗಿದಿರುತ್ತದೆ, ಹಗ್ಗದ ಮೇಲೆ ಜಾಗವಿರುವುದಿಲ್ಲ, ಬಿಸಿಲೂ ಇರುವುದಿಲ್ಲ. ಬಟ್ಟೆ ಹಿಂಡಿದ ಮೇಲೆ ಒಣ ಟವೆಲ್ಲಿನಲ್ಲಿ ಸುತ್ತಿ ತುಳಿದರೆ ಒಣಗುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಕ್ಲಿಪ್ಪಿಗಿಂತ ಸೇಫ್ಟಿ ಪಿನ್ ಒಳ್ಳೆಯದು: ಗಾಳಿಗೆ ಹಾರುವುದಿಲ್ಲ, ಒಣಗದ ಕಾಲುಚೀಲವನ್ನು ಮಾರನೇ ದಿನ ಬೆನ್ನುಚೀಲಕ್ಕೆ ಚುಚ್ಚಿಕೊಂಡೂ ನಡೆಯಬಹುದು. ಮಷೀನು ಇದ್ದರೆ ಇಬ್ಬರ ಬಟ್ಟೆ ಒಂದೇ ಸಲಕ್ಕೆ ಆಗುತ್ತದೆ. ಗಲೀಸಿಯಾದ ಮಳೆಗೆ ಶೂ ನೆನೆದರೆ ಒಳಗಿನ ಅಟ್ಟೆ ತೆಗೆದು ಹಳೆಯ ಪತ್ರಿಕೆ ತುರುಕಿ, ಗಂಟೆಗೊಮ್ಮೆ ಬದಲಿಸಿ. ಹೀಟರ್ ಮೇಲೆ ಇಟ್ಟರೆ ಅಂಟು ಬಿಡುತ್ತದೆ.

ಒಬ್ಬರು ಬಟ್ಟೆ ಒಗೆಯುವಾಗ ಇನ್ನೊಬ್ಬರು ಅಂಗಡಿಗೆ ಹೋಗಿಬಿಡಬೇಕು. ಸಣ್ಣ ಊರುಗಳಲ್ಲಿ ಸುಮಾರು ಎರಡರಿಂದ ಐದರವರೆಗೆ ಅಂಗಡಿ ಮುಚ್ಚಿರುತ್ತದೆ, ಭಾನುವಾರ ಹೆಚ್ಚಿನವು ತೆರೆಯುವುದೇ ಇಲ್ಲ. ಶನಿವಾರ ಸಂಜೆಯೇ ಎರಡು ಹೊತ್ತಿನ ಬ್ರೆಡ್ಡು, ಹಣ್ಣು, ಚೀಸು ಕೊಂಡಿಡಿ. ಅಡುಗೆಮನೆ ಇದೆ ಎಂದು ನಂಬಿ ಗಲೀಸಿಯಾದ ಸರ್ಕಾರಿ ಆಲ್ಬೆರ್ಗೆಗೆ ಅಕ್ಕಿ, ಬೇಳೆ ಹೊತ್ತು ಹೋದರೆ ಒಲೆ ಇರುತ್ತದೆ, ಪಾತ್ರೆ ಇರುವುದಿಲ್ಲ. ಹೊರಗೆ ಊಟ ಮಾಡುವವರಿಗೆ ಯಾತ್ರಿಕರ ಮೆನು ಇದೆ, ಸುಮಾರು 12ರಿಂದ 16 ಯೂರೋ, ಎರಡು ಬಗೆ, ಬ್ರೆಡ್ಡು, ಸಿಹಿ, ನೀರು ಅಥವಾ ವೈನು. ಸಸ್ಯಾಹಾರಿಗಳು ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಮಿಶ್ರ ಸಲಾಡಿನ ಮೇಲೆ ಟ್ಯೂನಾ ಮೀನು ಬಂದಿರುತ್ತದೆ, ಬೇಳೆ ಸಾರಿನಲ್ಲಿ ಹಂದಿಮಾಂಸದ ಚೋರೀಸೊ ತುಂಡು ಇರುತ್ತದೆ, ಗಲೀಸಿಯಾದ ಸೊಪ್ಪಿನ ಸೂಪಿಗೆ ಹಂದಿಕೊಬ್ಬು ಹಾಕಿರುತ್ತಾರೆ. "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಆತೂನ್" (ಮಾಂಸ, ಹ್ಯಾಮ್, ಟ್ಯೂನಾ ಇಲ್ಲದೆ) ಎಂದು ಮೂರನ್ನೂ ಬಿಡಿಸಿ ಹೇಳಿ. ಮೊಟ್ಟೆ ತಿನ್ನುವವರಿಗೆ ತೋರ್ತಿಯಾ ಎಂಬ ಆಲೂಗಡ್ಡೆಯ ಆಮ್ಲೆಟ್ ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ಕಡೆ ಸಿಗುತ್ತದೆ.

ಹಣದ ವಿಷಯದಲ್ಲಿ ಒಂದು ಪುಟ್ಟ ಚೀಲಕ್ಕೆ ಇಬ್ಬರೂ ಸಮಸಮ ಹಾಕಿ, ಖಾಲಿಯಾದಾಗ ಮತ್ತೆ ಹಾಕುವುದು ಸುಲಭದ ಕ್ರಮ. ವೈನು, ಪ್ರತ್ಯೇಕ ತಿಂಡಿ ಇತ್ಯಾದಿ ಅವರವರದ್ದು. ದೊನಾತೀವೊ ಎಂದು ಬರೆದಿರುವ ಆಲ್ಬೆರ್ಗೆಗಳಲ್ಲಿ ನಿಗದಿತ ದರವಿಲ್ಲ, ಪೆಟ್ಟಿಗೆ ಇರುತ್ತದೆ. ಅದನ್ನು ಉಚಿತ ಎಂದು ತಿಳಿಯುವುದು ದೊಡ್ಡ ತಪ್ಪು. ಇಂದು ಹಾಕಿದ ಹಣದಲ್ಲೇ ನಾಳೆ ಬರುವವರ ಅಡುಗೆ ಆಗುತ್ತದೆ, ನಡೆಸುವವರು ಎಷ್ಟೋ ಕಡೆ ಸಂಬಳವಿಲ್ಲದ ಸ್ವಯಂಸೇವಕರು. ಗ್ರಾನ್ಯೋನ್ ಊರಿನ ಚರ್ಚಿನಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿಸುತ್ತಾರೆ, ಎಲ್ಲರೂ ಸೇರಿ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಇಂಥ ಒಂದು ರಾತ್ರಿಯಾದರೂ ಕಳೆಯದೆ ಸಾಂತಿಯಾಗೊ ಸೇರಿದರೆ ದಾರಿಯ ಒಳ್ಳೆಯ ಭಾಗವೊಂದು ತಪ್ಪಿಹೋದಂತೆ.

ಜಾಗ ಭರ್ತಿಯಾದ ದಿನಕ್ಕೂ ಒಂದು ಒಪ್ಪಂದ ಬೇಕು. ಸರ್ಕಾರಿ ಆಲ್ಬೆರ್ಗೆಗಳಲ್ಲಿ ಕಾಯ್ದಿರಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ, ಮೊದಲು ಬಂದವರಿಗೆ ಮೊದಲು. ಪಾಸ್‌ಪೋರ್ಟು ಮತ್ತು ಪುಸ್ತಿಕೆ ಹಿಡಿದು ಎದುರು ನಿಂತವರಿಗೇ ಹಾಸಿಗೆ, "ನನ್ನ ಸ್ನೇಹಿತ ಬರ್ತಿದ್ದಾನೆ, ಒಂದು ಹಿಡಿದಿಡಿ" ಎಂಬುದು ನಡೆಯುವುದಿಲ್ಲ. ಮುಂದೆ ಹೋದವರಿಗೆ ಕೊನೆಯ ಮಂಚ ಸಿಕ್ಕು, ಹಿಂದಿನವರು ಬರುವಾಗ ಬಾಗಿಲಲ್ಲಿ ಭರ್ತಿ ಎಂಬ ಫಲಕ ಬಿದ್ದಿದ್ದರೆ? ಇಬ್ಬರೂ ಮುಂದಿನ ಊರಿಗೆ ನಡೆಯಬೇಕೆ, ಅಥವಾ ಒಬ್ಬರು ಇಲ್ಲಿ, ಇನ್ನೊಬ್ಬರು ಅದೇ ಊರಿನ ಖಾಸಗಿ ಜಾಗದಲ್ಲಿ ಉಳಿದು ಊಟಕ್ಕೆ ಸೇರುವುದೆ? ಎರಡರಲ್ಲಿ ಯಾವುದಾದರೂ ಸರಿ. ಇಂಥ ದಿನಕ್ಕೆ ಖರ್ಚಾಗುವ ಹೆಚ್ಚಿನ ಹಣವನ್ನು ಇಬ್ಬರೂ ಸೇರಿ ಹಾಕಿದ ಆ ಹಣದ ಚೀಲದಿಂದಲೇ ಕೊಡುವುದು ನ್ಯಾಯ.

ಬರ್ಗೋಸ್ ದಾಟಿದ ಮೇಲೆ ಲಿಯೋನ್ ತನಕ ಸುಮಾರು 180 ಕಿ.ಮೀ. ಮೆಸೇತಾ ಎಂಬ ಬಯಲು. ಗೋಧಿ ಹೊಲ, ನೇರ ದಾರಿ, ನೆರಳಿಲ್ಲ. ಕಾರಿಯೋನ್ ದೆ ಲೋಸ್ ಕೋಂದೆಸ್ ಬಿಟ್ಟರೆ ಕಾಲ್ಸಾದೀಯಾ ದೆ ಲಾ ಕ್ವೇಸಾವರೆಗೆ 17 ಕಿ.ಮೀ. ಒಂದೂ ಊರಿಲ್ಲ. ತಲಾ ಎರಡು ಲೀಟರ್ ನೀರು, ಏನಾದರೂ ತಿನ್ನಲು ಕಟ್ಟಿಕೊಂಡೇ ಹೊರಡಬೇಕು. ಮುಂದಿನ ಊರು ತಗ್ಗಿನಲ್ಲಿರುವುದರಿಂದ ತೀರಾ ಹತ್ತಿರ ಹೋಗುವವರೆಗೂ ಕಾಣಿಸದು, ಎಲ್ಲೋ ದಾರಿ ತಪ್ಪಿದೆವೆಂಬ ಗಾಬರಿ ಬೇಡ. ಬೇಸರವೆಂದು ಈ ಭಾಗವನ್ನು ಬಸ್ಸಿನಲ್ಲಿ ದಾಟುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲ ಎರಡು ವಾರಗಳಲ್ಲಿ ಆಡಬೇಕಾದ ಮಾತೆಲ್ಲ ಆಡಿ ಮುಗಿದಿರುತ್ತದೆ. ನೂರು ಮೀಟರ್ ಅಂತರದಲ್ಲಿ, ಒಬ್ಬರಿಗೊಬ್ಬರು ಕಾಣುವ ಹಾಗೆ, ಮಾತಿಲ್ಲದೆ ನಾಲ್ಕು ಗಂಟೆ ನಡೆಯುವುದು ಇಬ್ಬರಿಗೂ ಅಭ್ಯಾಸವಾಗುವುದು ಈ ಬಯಲಿನಲ್ಲೇ. ಆ ಮೌನವನ್ನು ಮುನಿಸು ಎಂದು ಓದಿಕೊಂಡು "ಏನಾಯ್ತು, ಯಾಕೆ ಮಾತಾಡ್ತಿಲ್ಲ" ಎಂದು ಕೆದಕುವವರು ಅದನ್ನು ಕೆಡಿಸುತ್ತಾರೆ. ಮುನಿಸು ನಿಜವಾಗಿ ಇದ್ದರೆ ಸಂಜೆ ಊಟದ ಹೊತ್ತಿಗೆ ತಾನಾಗಿ ತಿಳಿಯುತ್ತದೆ.

ಬಯಲು ಮುಗಿದು ಆಸ್ತೋರ್ಗಾ ದಾಟಿದರೆ ಮತ್ತೆ ಬೆಟ್ಟ. ಸುಮಾರು 1,500 ಮೀಟರ್ ಎತ್ತರದಲ್ಲಿ ಕ್ರೂಸ್ ದೆ ಫೆರೊ, ಎತ್ತರದ ಮರದ ಕಂಬದ ತುದಿಯಲ್ಲೊಂದು ಕಬ್ಬಿಣದ ಶಿಲುಬೆ. ಮನೆಯಿಂದ ತಂದ ಕಲ್ಲನ್ನು ಯಾತ್ರಿಕರು ಅದರ ಬುಡದಲ್ಲಿ ಇಡುತ್ತಾರೆ. ಇಲ್ಲಿ ಜೊತೆಯವರನ್ನು ಅವರ ಪಾಡಿಗೆ ಬಿಡುವುದು ಒಳ್ಳೆಯದು. ಫೋಟೋ ಬೇಕೋ ಬೇಡವೋ ಎಂದು ಮೊದಲೇ ಕೇಳಿಕೊಂಡಿರಿ. ಅಲ್ಲಿಂದ ಮೋಲಿನಾಸೆಕಾವರೆಗೆ ಸುಮಾರು 900 ಮೀಟರ್ ಇಳಿಜಾರು, ಅದರಲ್ಲೂ ಎಲ್ ಆಸೆಬೊ ಎಂಬ ಊರು ದಾಟಿದ ಮೇಲೆ ಚಪ್ಪಡಿ ಕಲ್ಲುಗಳ ಓರೆ. ಹೆಚ್ಚಿನ ಮೊಣಕಾಲುಗಳು ಕೈಕೊಡುವುದು ಇಲ್ಲೇ. ಎಲ್ ಆಸೆಬೊದಲ್ಲಿ ರಾತ್ರಿ ತಂಗಿ ಇಳಿಜಾರನ್ನು ಎರಡು ದಿನಕ್ಕೆ ಹಂಚಿಕೊಂಡರೆ ಏನೂ ನಷ್ಟವಿಲ್ಲ.

ಒಬ್ಬರಿಗೆ ಪೆಟ್ಟಾದರೆ ಏನು ಮಾಡುವುದು ಎಂಬ ಪ್ರಶ್ನೆಯನ್ನು ವಿಮಾನ ಹತ್ತುವ ಮೊದಲೇ ಎದುರಿಸಬೇಕು. ಇಬ್ಬರಿಗೂ ಮುಖ್ಯ ಯಾವುದು, ಸಾಂತಿಯಾಗೊ ತಲುಪುವುದೋ, ಒಟ್ಟಿಗೆ ಇರುವುದೋ? ಉತ್ತರ ಬೇರೆ ಬೇರೆ ಇದ್ದರೂ ತೊಂದರೆಯಿಲ್ಲ, ಗೊತ್ತಿದ್ದರೆ ಸಾಕು. ಸಣ್ಣ ನೋವಾದರೆ ಚೀಲವನ್ನು ಮುಂದಿನ ಊರಿಗೆ ಸಾಗಿಸುವ ಸೇವೆಗಳಿವೆ. ಅದಕ್ಕಿಂತ ಹೆಚ್ಚಾದರೆ ನೋವಿದ್ದವರು ಬಸ್ಸಿನಲ್ಲಿ ಎರಡು ಊರು ಮುಂದೆ ಹೋಗಿ ಕಾಲು ಚಾಚಿ ಕೂರುವುದು, ಇನ್ನೊಬ್ಬರು ನಡೆದು ಬಂದು ಸೇರುವುದು. ಹಸಿರು ಶಿಲುಬೆಯ ದೀಪವಿರುವ ಔಷಧಿ ಅಂಗಡಿಯವರು ಯಾತ್ರಿಕರ ಪಾದ ನೋಡಿ ಪಳಗಿದವರು. ತುರ್ತಿಗೆ 112. ಯುರೋಪಿನ ಷೆಂಗೆನ್ ವೀಸಾ ಮಾಡಿಸುವಾಗಲೇ 35 ದಿನದ ನಡಿಗೆಗೆ 42 ದಿನದಷ್ಟು ಅವಕಾಶ ಕೇಳಿಕೊಂಡರೆ ಈ ನಿರ್ಧಾರಗಳನ್ನು ಸಮಾಧಾನವಾಗಿ ಮಾಡಬಹುದು. ವಾಪಸ್ ಟಿಕೆಟಿನ ತಾರೀಖಿಗೆ ಹೆದರಿ ನೋಯುವ ಕಾಲಲ್ಲೇ ನಡೆದದ್ದು ಹಲವರ ಯಾತ್ರೆ ಅರ್ಧಕ್ಕೇ ನಿಲ್ಲಲು ಕಾರಣ.

ಸಾರಿಯಾದಿಂದ ಮುಂದೆ ದಾರಿಯ ಚಹರೆಯೇ ಬದಲಾಗುತ್ತದೆ. ಕೊಂಪೊಸ್ತೆಲಾ ಎಂಬ ಪ್ರಮಾಣಪತ್ರಕ್ಕೆ ಕನಿಷ್ಠ 100 ಕಿ.ಮೀ. ನಡೆದಿರಬೇಕು, ಸಾರಿಯಾ ಅದಕ್ಕಿಂತ ಸ್ವಲ್ಪವೇ ಹೆಚ್ಚು ದೂರದಲ್ಲಿದೆ. ಹೊಸಬರು ಗುಂಪು ಗುಂಪಾಗಿ ಸೇರಿಕೊಳ್ಳುತ್ತಾರೆ, ಹಾಸಿಗೆಗೆ ಪೈಪೋಟಿ ಶುರುವಾಗುತ್ತದೆ. ಇಲ್ಲಿಂದ ಖಾಸಗಿ ಆಲ್ಬೆರ್ಗೆಗಳನ್ನು ಒಂದೆರಡು ದಿನ ಮುಂಚೆ ಫೋನ್ ಮಾಡಿ ಇಬ್ಬರಿಗೂ ಹಿಡಿದಿಡುವುದು ಲೇಸು. ದಿನಕ್ಕೆ ಎರಡು ಮುದ್ರೆ ಕಡ್ಡಾಯ. ಬೇರೆ ಬೇರೆ ನಡೆಯುವ ಜೋಡಿಯಲ್ಲಿ ಒಬ್ಬರು ಇಬ್ಬರ ಪುಸ್ತಿಕೆಯನ್ನೂ ಇಟ್ಟುಕೊಂಡಿದ್ದರೆ ಇನ್ನೊಬ್ಬರು ರಾತ್ರಿ ಹಾಸಿಗೆಗೂ ಪರದಾಡುತ್ತಾರೆ.

ಕೊನೆಯ ದಿನ ಮೋಂತೆ ದೊ ಗೋಸೊ ದಿಬ್ಬದಲ್ಲಿ ಒಬ್ಬರಿಗೊಬ್ಬರು ಕಾಯಿರಿ. ಅಲ್ಲಿಂದ ಮಹಾದೇವಾಲಯಕ್ಕೆ ನಾಲ್ಕೈದು ಕಿ.ಮೀ., ಅಷ್ಟನ್ನು ಯಾರ ವೇಗವನ್ನೂ ಲೆಕ್ಕಿಸದೆ ಜೊತೆಗೆ ನಡೆಯಬಹುದು. ಬೆನ್ನುಚೀಲಗಳನ್ನು ದೇವಾಲಯದ ಒಳಗೆ ಬಿಡುವುದಿಲ್ಲ, ಮೊದಲು ತಂಗುವ ಜಾಗದಲ್ಲಿ ಇಟ್ಟು ಬನ್ನಿ. ಯಾತ್ರಿಕರ ಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಹಣವಿಲ್ಲ. ಬೋತಾಫುಮೆಯ್ರೊ ಎಂಬ ದೊಡ್ಡ ಧೂಪಾರತಿಯನ್ನು ಎಂಟು ಮಂದಿ ಹಗ್ಗ ಎಳೆದು ತೂಗಿಸುವುದು ಕೆಲವು ಹಬ್ಬದ ದಿನ ಮತ್ತು ವಿಶೇಷ ಸಂದರ್ಭಗಳಲ್ಲಿ ಮಾತ್ರ. ಅದಕ್ಕಾಗಿ ದಿನ ಲೆಕ್ಕ ಹಾಕಿ ಓಡಿ ಬರಬೇಡಿ.

ಅಲ್ಲಿಂದ ಕಡಲ ತುದಿಯ ಫಿಸ್ತೆರಾಗೆ ಇನ್ನೂ ಸುಮಾರು 90 ಕಿ.ಮೀ., ಮೂರು ನಾಲ್ಕು ದಿನದ ದಾರಿ. ಒಬ್ಬರಿಗೆ ಇನ್ನೂ ನಡೆಯುವ ಆಸೆ, ಇನ್ನೊಬ್ಬರಿಗೆ ಸಾಕಾಗಿದೆ ಎನ್ನುವುದು ಸಾಂತಿಯಾಗೊದಲ್ಲಿ ತೀರಾ ಮಾಮೂಲು. ಸಾಕಾದವರನ್ನು ಎಳೆದುಕೊಂಡು ಹೋಗುವ ಅಗತ್ಯವಿಲ್ಲ, ಅವರಿಗಾಗಿ ಆಸೆ ಬಿಡುವ ಅಗತ್ಯವೂ ಇಲ್ಲ. ಸಾಂತಿಯಾಗೊದಿಂದ ಫಿಸ್ತೆರಾಗೆ ಬಸ್ಸಿದೆ. ನಡೆಯುವವರು ನಡೆಯಲಿ, ಉಳಿದವರು ಮೂರು ದಿನ ಚೆನ್ನಾಗಿ ಮಲಗಿ ನಾಲ್ಕನೇ ದಿನ ಬಸ್ಸಿನಲ್ಲಿ ಬಂದು ಸೇರಲಿ. ಊರು ಹೊಕ್ಕ ಕೂಡಲೇ ಸಿಗುವ ಬಾರೋ, ಬಸ್ ನಿಲ್ದಾಣವೋ ಎಂಬುದನ್ನು ಮಾತ್ರ ಹೊರಡುವ ಮುಂಚೆ ಹೇಳಿಕೊಳ್ಳಿ.